ಸಂಜೆ ಟೀವಿಯ ಮುಂದೆ ಅಂಗಿ

ರಾಬರ್ಟ್‌ಸನ್‌ಪೇಟೆಯ ಶಾಲೆಯೊಂದರ ಸಮಾರಂಭ ಮುಗಿಸಿ ವೇದಿಕೆ ಇಳಿದ, ಹಿಂದೆ ಟೀವಿಯಲ್ಲಿ ವಾರ್ತೆ ಓದುತ್ತಿದ್ದ ಇಂದುಮತಿಯವರ ಕೈಯನ್ನು ಸಭೆಯಲ್ಲಿದ್ದ ಕದಿರಮ್ಮ ಹಿಡಿದೇಬಿಟ್ಟಳು. "ಅಮ್ಮಾ, ಒಂದು ಮಾತು ನಿಜ ಯೋಳ್ಬೇಕು. ಅವಾಗೆಲ್ಲ ನೀವು ದಿನಾ ಸಂಜೆ ಟೀವಿಯಾಗೆ ಬತ್ತಿದ್ರಲ್ಲ, ನಾವು ನಿಮಗೆ ಕಾಣ್ತಿದ್ವಾ?"

ಸುತ್ತಲಿದ್ದವರು ಗೊಳ್ಳೆಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಕದಿರಮ್ಮನ ಗಂಡ ಆರುಮುಗಂ. ಚಾಂಪಿಯನ್ ರೀಫ್ಸ್‌ನ ಅವರ ಮನೆಗೆ ಕಪ್ಪು-ಬಿಳುಪು ಟೀವಿ ಬಂದ ವರ್ಷ ಹುಟ್ಟಿದ ಜಗಳ ಅದು. ಚಿನ್ನದ ಗಣಿಯ ಕೆಲಸದಿಂದ ಬಂದು ಬರಿಮೈಯಲ್ಲಿ ಕೂರುತ್ತಿದ್ದವನಿಗೆ ಕದಿರಮ್ಮ, ಇಂದುಮತಿ ತೆರೆಯ ಮೇಲೆ ಬರುವ ಮೊದಲೇ ಅಂಗಿ ತೊಡಿಸುತ್ತಿದ್ದಳು. "ಎಣ್ಮಗಳು ನಮ್ಮನ್ನೇ ನೋಡ್ಕೊಂಡು ಕೈ ಮುಗೀತಾವ್ಳೆ. ನಾಚ್ಕೆ ಆಗಲ್ವಾ ನಿಂಗೆ?" ಇವಳಿಗೆ ಬುದ್ಧಿಯಿಲ್ಲವೆಂದು ಅವನು ನಲವತ್ತು ವರ್ಷಗಳಿಂದ ಕಂಡಕಂಡವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಇಂದುಮತಿ ನಗಲಿಲ್ಲ. "ಇಲ್ಲಮ್ಮ, ನನಗೆ ಕಾಣ್ತಿದ್ದದ್ದು ಕ್ಯಾಮೆರಾ ಒಂದೇ."

"ನಾನು ಅವತ್ತೇ ಯೋಳ್ಲಿಲ್ವಾ ಕದಿರೀ!" ಎಂದ ಆರುಮುಗಂ.

"ತಾಳಿ ಯಜಮಾನ್ರೇ. ನಾನು ಮೇಜಿನ ಹಿಂದೆ ಕೂರ್ತಿದ್ದೆ. ನಿಮಗೆ ನನ್ನ ಪಾದ ಒಂದು ದಿನವೂ ಕಂಡಿಲ್ಲ. ಆದ್ರೂ ದಿನಾ ಸೀರೆ ನೆರಿಗೆ ಪಾದದವರೆಗೂ ಸರಿಮಾಡ್ಕೊಂಡೇ ಕೂರ್ತಿದ್ದೆ. ಸ್ಟುಡಿಯೋದವರು ನಿಮ್ಮ ಹಾಗೇ ನಗ್ತಿದ್ರು. ಅಷ್ಟು ಜನರ ಮನೆಗೆ ಹೋಗ್ತಿದ್ದೀನಲ್ಲ ಅನ್ನಿಸೋದು ನನಗೆ."

ಕದಿರಮ್ಮನ ಮುಖ ಅರಳಿತು. ಚೆನ್ನಾಗಿ ನಾಲ್ಕು ಮಾತು ಆಡಿಬಿಡೋಣವೆಂದು ಗಂಡನತ್ತ ತಿರುಗಿದಳು. ಸೆಖೆಗೆಂದು ಬಿಚ್ಚಿಕೊಂಡಿದ್ದ ಅಂಗಿಯ ಮೇಲಿನ ಎರಡು ಗುಂಡಿಗಳನ್ನು ಆರುಮುಗಂ ಆಗಲೇ ಹಾಕಿಕೊಳ್ಳುತ್ತಿದ್ದ.