ಅತ್ತೆಯ ಎಣ್ಣೆಕಲೆ

ಬಡಾವಣೆಯ ಮನೆಗಳೆಲ್ಲ ಹಳೆಯ ಸಿನಿಮಾದ ಬಂಗಲೆಗಳಾಗಿದ್ದವು. ಉಳಿದಿದ್ದು ವಾರಿಜಾಳ ಮನೆಯೊಂದೇ. ಸಂಘ ತರಿಸಿದ ಹೊಸ ಬಣ್ಣ ಬಳಿದರೆ ಸಾಕು, ಗೋಡೆಯ ತುಂಬ ಸುತ್ತುಮೆಟ್ಟಿಲು, ದೊಡ್ಡ ಗಡಿಯಾರ, ದಪ್ಪ ಪರದೆಗಳು ತಾವಾಗಿಯೇ ಮೂಡುತ್ತಿದ್ದವು. ಸಿನಿಮಾದಲ್ಲಿ ಇಲ್ಲದ ಕಲೆ-ಕೊಳೆಯನ್ನೆಲ್ಲ ಗೋಡೆಯೇ ನುಂಗಿಬಿಡುತ್ತಿತ್ತು.

ಡಬ್ಬಿ ಹಿಡಿದು ಬಂದ ಪೇಂಟರ್ ಮೌಲಾಸಾಬ್ ಕಿಟಕಿ ಪಕ್ಕದ ಗೋಡೆ ನೋಡಿ ನಕ್ಕ. "ಇದೇನಕ್ಕಾ, ಇಷ್ಟಗಲ ಕಲೆ?"

"ನಮ್ಮತ್ತೆ ತಲೆ ಒರಗಿಸ್ತಿದ್ದ ಜಾಗ. ಹರಳೆಣ್ಣೆ ಅದು. ಹದಿನೆಂಟು ವರ್ಷ ಅಲ್ಲೇ ಕೂತು ಸೊಪ್ಪು ಬಿಡಿಸಿದ್ರು, ನನ್ನ ಮಕ್ಕಳನ್ನ ಮಲಗಿಸಿದ್ರು. ಅವರು ಹೋಗಿ ಎರಡು ವರ್ಷ ಆಯ್ತು."

"ಬಂಗಲೇಲಿ ಕಲೆ ಇರಲ್ಲಕ್ಕಾ. ನಾಳೆಗೆ ಮಾಯ. ಬಡಾವಣೆ ಸಂಘದ ಆರ್ಡರು."

ವಾರಿಜಾ ಹಿಟ್ಟಿನ ಕೈಯಲ್ಲೇ ಬಂದು ಗೋಡೆಗೆ ಅಡ್ಡ ನಿಂತಳು. ಮಕ್ಕಳನ್ನೂ ಗದರದ ಅವಳು ದನಿ ಏರಿಸಿದಳು. "ಆ ಬಂಗಲೇಲಿ ಯಾರಾದ್ರೂ ಒಗ್ಗರಣೆ ಹಾಕಿದ್ರೇನಪ್ಪಾ? ಯಾವ ಮಗುವಾದ್ರೂ ಹಾಲು ಕಕ್ಕಿತ್ತಾ? ಯಾರೂ ಬಾಳದ ಮನೆ ತಂದು, ಬಾಳಿದವರ ಗುರುತು ಅಳಿಸ್ತೀರಾ?"

"ಅದು ಬರೀ ಸೆಟ್ಟು, ಮೂರೇ ಗೋಡೆ. ನಾಲ್ಕನೇ ಕಡೆ ಕ್ಯಾಮೆರಾ ಇರ್ತಿತ್ತು. ಅಲ್ಲಿ ತೋರಿಸೋಕೆ ಏನೂ ಇಲ್ಲ, ಅದಕ್ಕೆ ಪ್ರತಿ ಮನೇಲೂ ಆ ಕಡೆ ಗೋಡೆಗೆ ನಾವು ಬಣ್ಣನೇ ಹಚ್ಚಲ್ಲ."

"ಕ್ಯಾಮೆರಾ ಯಾವ ಕಡೆ ಅಂತ ಹೇಳೋರ್ಯಾರು?"

"ನಾವೇ."

ವಾರಿಜಾ ಒಳಗೆ ಹೋಗಿ ಅತ್ತೆಯ ಮಣೆ ತಂದು, ಕಲೆಯ ಕೆಳಗೆ ಸರಿಯಾಗಿ ಇಟ್ಟಳು.

"ಹಾಗಾದ್ರೆ ಕ್ಯಾಮೆರಾ ಇಲ್ಲಿರ್ಲಿ. ನಿಮ್ಮ ಬಂಗಲೇನ ನಮ್ಮತ್ತೆ ಕೂತು ನೋಡ್ಲಿ."