ದಿಂಡಿಗದ ಕಾವು

ಚೆಂಡು ಜಾಲಿಗಿಡಗಳ ಸಾಲನ್ನು ದಾಟಿ ರೈಲುಹಳಿಯ ಹತ್ತಿರ ಹೋಗಿ ಬಿತ್ತು. ಕೊಪ್ಪಳ ಸ್ಟೇಷನ್ನಿನ ಹಿಂದಿನ ಆ ಬಯಲಿನಲ್ಲಿ ಸಾಹೇಬರುಗಳು ಗಾಲ್ಫ್ ಆಡತೊಡಗಿ, ಸಾವಿರದ ಒಂಬೈನೂರ ಮೂವತ್ತೇಳನೇ ಇಸವಿಗೆ, ಆರು ವರ್ಷವಾಗಿತ್ತು. ಅಷ್ಟು ದೂರ ಯಾರೂ ಹೊಡೆದಿರಲಿಲ್ಲ. ಮುನಸೀಫ ಜಿಲಾನಿ ಸಾಹೇಬರು ಕೋಲು ಬೀಸಿದ ಭಂಗಿಯಲ್ಲೇ ನಿಂತುಬಿಟ್ಟರು. ಕೋರ್ಟಿನಲ್ಲಿ ಒಮ್ಮೆಯೂ ನಗದ ಮನುಷ್ಯ ಹಲ್ಲು ಕಾಣುವಂತೆ ನಕ್ಕರು.

"ನೋಡಿದ್ರ್ಯಾ?" ಎಂದರು, ರೈಲ್ವೆ ಇಂಜಿನಿಯರ್ ಸಾಹೇಬನ ಕಡೆ ತಿರುಗಿ. "ಕಟ್ಟಿಗಿ ಅಂದ್ರ ಇದು! ನಿಮ್ಮ ವಿಲಾಯತಿ ಕಬ್ಬಿಣ ಇಷ್ಟು ದೂರ ಒಗದು ತೋರಸ್ಲಿ ನೋಡೂಣು. ಶಾಭಾಸ್ ಮರ್ದಾನಸಾಬ! ನಿನ್ನ ಕೈಗೆ ಬಂಗಾರದ ಕಡಗಾ ತೊಡಸಬೇಕು."

ನಾಲ್ಕು ಹೆಜ್ಜೆ ಹಿಂದೆ ನಿಂತಿದ್ದ ಬಡಿಗ ಮರ್ದಾನಸಾಬನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆ ಕೋಲು ಅವನು ಮಾಡಿದ್ದಾಗಿರಲಿಲ್ಲ. ಅವನು ಮಾಡಿದ್ದು ಚೀಲದಲ್ಲೇ ಉಳಿದಿತ್ತು.

ಗಾಡಿಯ ಅಚ್ಚು ಮಾಡಿಕೊಂಡು ತನ್ನ ಪಾಡಿಗಿದ್ದವನು ಅವನು. ಚೆಂಡನ್ನು ಎಲ್ಲಕ್ಕಿಂತ ದೂರ ಹೊಡೆಯುವ ಉದ್ದನೆಯ ಕೋಲಿಗೆ ಸಾಹೇಬರುಗಳು ಡ್ರೈವರ್ ಅನ್ನುತ್ತಿದ್ದರು. ಅದರ ಕಾವು, ಅಂದರೆ ಉದ್ದನೆಯ ಹಿಡಿಕೆ, ಒಮ್ಮೆ ಮುರಿದಾಗ, ಅಚ್ಚಿಗೆ ಹಾಕುವ ದಿಂಡಿಗ ಮರದ ಕಟ್ಟಿಗೆಯನ್ನೇ ಆರು ತಿಂಗಳು ನೆರಳಿಗೆ ಒಣಗಿಸಿ, ಔಡಲೆಣ್ಣೆ ಕುಡಿಸಿ ಹೊಸ ಕಾವು ಹಾಕಿಕೊಟ್ಟಿದ್ದ. ಅಂದಿನಿಂದ ಎಲ್ಲರಿಗೂ ಅವನ ಕೋಲೇ ಬೇಕಾಯಿತು. ಎರಡು ವರ್ಷದಿಂದೀಚೆಗೆ ಮುಂಬಯಿಯಿಂದ ಉಕ್ಕಿನ ಕಾವಿನ ಡ್ರೈವರುಗಳು ಬರತೊಡಗಿದವು. ನೀರಿನ ನಳಿಗೆ ಹಿಡಿದು ಆಡುತ್ತಾರೇನು ಎಂದು ಮೊದಲು ನಕ್ಕವರೇ ಒಬ್ಬೊಬ್ಬರಾಗಿ ಅವನ್ನು ತರಿಸಿಕೊಂಡರು. ಕೊನೆಗೆ ಉಳಿದವರು ಮುನಸೀಫರೊಬ್ಬರೇ. "ಕಬ್ಬಿಣಕ್ಕ ಜೀವಾ ಇಲ್ಲ, ಅದು ಕೈಗೆ ಏನೂ ಸುದ್ದಿ ಹೇಳೂದಿಲ್ಲ" ಅನ್ನುತ್ತಿದ್ದರು. ಅವರೂ ಬಿಟ್ಟರೆ ಮರ್ದಾನಸಾಬನಿಗೆ ಈ ಬಯಲಿನಲ್ಲಿ ಕೆಲಸವಿರಲಿಲ್ಲ. ಹೊಟ್ಟೆಗೇನೋ ಅಚ್ಚುಗಳಿದ್ದವು; ಅವನನ್ನು ಹೆಸರು ಹಿಡಿದು ಕರೆಯುವ ಜಾಗ ಮಾತ್ರ ಇದೊಂದೇ.

ಅಂದು ಬೆಳಿಗ್ಗೆ ಇಂಜಿನಿಯರ್ ಸಾಹೇಬ ಅವನನ್ನು ಪಕ್ಕಕ್ಕೆ ಕರೆದು ಹೊಸ ಡ್ರೈವರೊಂದನ್ನು ಕೈಗಿಟ್ಟಿದ್ದ. "ನಿಂದು ಚೀಲದಾಗ ಇರ್ಲಿ. ಮುನಸೀಫರಿಗೆ ಇದನ್ನ ಕೊಡು. ನೀನೇ ಮಾಡಿದ್ದು ಅಂದ್ಕೋತಾರ. ಸುಮ್ನಿರು." ಕಾವು ಹದವಾದ ಕಂದು ಬಣ್ಣದ್ದು. ಕಟ್ಟಿಗೆ ಕೊಳ್ಳುವಾಗಿನ ರೂಢಿಯಂತೆ ಮರ್ದಾನಸಾಬ ಅದನ್ನು ಕಿವಿಗೆ ಹಿಡಿದು ಉಗುರಿನಿಂದ ಬಡಿದ. ಠಕ್ ಅನ್ನಬೇಕಾದದ್ದು ಠಣ್ ಅಂದಿತು. ಕಬ್ಬಿಣ ಅಂದರೆ ಮುಜುಗರಪಡುವವರಿಗಾಗಿ ಕಂಪನಿಯವರೇ ಮೇಲೆ ಕಟ್ಟಿಗೆಯ ಬಣ್ಣದ ಹೊದಿಕೆ ಹಾಕಿ ಮಾರುತ್ತಾರೆ ಎಂದು ಸಾಹೇಬ ಕಣ್ಣು ಮಿಟುಕಿಸಿದ. ಸಾಹೇಬನ ಮಾತು ಮೀರುವುದು ಹೇಗೆ? ಮರ್ದಾನಸಾಬ ಅದನ್ನೇ ಒಯ್ದು ಕೊಟ್ಟಿದ್ದ.

ಈಗ ಇಂಜಿನಿಯರ್ ಸಾಹೇಬ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದ. ಬಾಯಿ ಮುಚ್ಚಿಕೊಂಡರೆ ಸಾಕಿತ್ತು. ಮುನಸೀಫರು ಸಾಯುವತನಕ ಅವನ ಕೈಯನ್ನು ಹೊಗಳುತ್ತಿದ್ದರು. ಇಂಥ ಹೊಗಳಿಕೆಯ ಮಾತು ಜನ್ಮದಲ್ಲಿ ಒಮ್ಮೆ ಕಿವಿಗೆ ಬಿದ್ದಿತ್ತು, ಅದೂ ಬೇರೆಯವರ ಪಾಲಿನದು. ಅವನಿಗೆ ತಡೆಯಲಾಗಲಿಲ್ಲ.

"ತಪ್ಪಾತ್ರಿ ಸಾಹೇಬ್ರ. ಇದು ನಾ ಮಾಡಿದ್ದಲ್ರಿ. ಕಟ್ಟಿಗಿನೂ ಅಲ್ರಿ."

ಸೊಂಟದ ಉಳಿ ತೆಗೆದು ಮುನಸೀಫರ ಕೈಯಲ್ಲಿದ್ದ ಕಾವಿನ ಮೇಲೆ ಒಂದು ಬೆರಳುದ್ದ ಕೆರೆದ. ಕಂದು ಸಿಪ್ಪೆ ಸುರುಳಿಸುತ್ತಿ ಕೆಳಗೆ ಬಿತ್ತು. ಒಳಗಿನ ಉಕ್ಕು ಬಿಸಿಲಿಗೆ ಫಳಕ್ಕೆಂದಿತು. ಇಂಜಿನಿಯರ್ ಸಾಹೇಬ ಜೋರಾಗಿ ನಗಲು ಹೋದವನು ಮುನಸೀಫರ ಮುಖ ನೋಡಿ, ಚೆಂಡು ತರುವ ನೆಪ ಮಾಡಿಕೊಂಡು ಹಳಿಯ ಕಡೆ ನಡೆದುಬಿಟ್ಟ.

"ಯಾಕ ಹೇಳಿದಿ?" ಮುನಸೀಫರ ದನಿ ಕೋರ್ಟಿನ ದನಿಯಾಗಿತ್ತು.

"ನಿಮ್ಮ ಕೋರ್ಟಿನ್ಯಾಗ ಎರಡು ಸಲ ಸಾಕ್ಷಿ ಹೇಳೀನ್ರಿ. ಇಲ್ಲಿ ಸುಳ್ಳಾಡಿದ್ರ ಅಲ್ಲಿ ಹೇಳಿದ್ದೂ ಸುಳ್ಳಾಗ್ತೈತ್ರಿ."

ಮುನಸೀಫರು ಕೋಲನ್ನು ಬಿಸಾಡುತ್ತಾರೆ, ಚೀಲದಲ್ಲಿದ್ದದ್ದನ್ನು ಕೇಳುತ್ತಾರೆ ಎಂದು ಮರ್ದಾನಸಾಬ ಕಾದ. ಚೀಲದ ಬಾಯಿಗೆ ಕೈಯನ್ನೂ ಹಾಕಿದ. ಅವರು ದೂರದ ಚೆಂಡನ್ನು ನೋಡಿದರು, ಕೆರೆದ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು, ಕೋಲನ್ನು ಗಾಳಿಯಲ್ಲಿ ಇನ್ನೊಮ್ಮೆ ಮೆಲ್ಲಗೆ ಬೀಸಿದರು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು.

"ಇದನ್ನ ಮನಿಗಿ ಒಯ್ಯಿ. ಕೆರದಲ್ಲಿ ಮತ್ತ ಬಣ್ಣಾ ಹಚ್ಚು, ಕಟ್ಟಿಗಿ ಬಣ್ಣಾ. ಬರೂ ಐತವಾರ ಗಂಗಾವತಿ ತಹಸೀಲ್ದಾರ ಆಡ್ಲಿಕ್ಕೆ ಬರ್ತಾನ. ಯಾರರ ಕೇಳಿದ್ರ ದಿಂಡಿಗ ಅನ್ನು."

ಮಧ್ಯಾಹ್ನ ಮರ್ದಾನಸಾಬ ಪಡಸಾಲೆಯಲ್ಲಿ ಕೂತು ಕೆಮ್ಮಣ್ಣಿಗೆ ಅರಗು ಬೆರೆಸಿದ. ಎಳೆ ನೆಟ್ಟಗಿರುವ ಕಟ್ಟಿಗೆಗಾಗಿ ಯಲಬುರ್ಗಿಯ ಗುಡ್ಡಗಳನ್ನೆಲ್ಲ ತಿರುಗಿದ್ದ ಮನುಷ್ಯ ಈಗ ಕಬ್ಬಿಣದ ಮೇಲೆ ಒಂದೊಂದೇ ಎಳೆ ಬರೆದ. ಅವನ ಕೈ ಅಲ್ಲಿಯೂ ಕೆಟ್ಟ ಕೆಲಸ ಮಾಡಲಿಲ್ಲ. ಒಣಗಲೆಂದು ಗೂಟಕ್ಕೆ ತೂಗುಹಾಕಿದಾಗ, ರೊಟ್ಟಿಯ ಹಿಟ್ಟು ಕೊಡವುತ್ತ ಹೆಂಡತಿ ರಾಜಾಬೀ ಹೊರಗೆ ಬಂದಳು.

"ಭಾಳ ಛಂದ ಆಗೈತ್ರಿ. ಯಾವ ಗಿಡದ್ದು?"

ಮರ್ದಾನಸಾಬ ಕುಂಚ ತೊಳೆಯುತ್ತ, ತಲೆ ಎತ್ತದೆ, "ದಿಂಡಿಗ" ಎಂದ.