ನಾಟಕದ ಕತ್ತಿ

ಹೆಬ್ಬಳ್ಳಿಯ ಕಂಬಾರ ಕಾಳಪ್ಪನಿಗೆ ಆಯುಧ ಮಾಡುವ ಪರವಾನಗಿ ಇರಲಿಲ್ಲ. ಕುಡಗೋಲು, ಕೊಡಲಿಗೆ ಅದನ್ನು ಯಾರೂ ಕೇಳುತ್ತಿರಲಿಲ್ಲ. ಈಗ ನಲವತ್ತೆರಡರ ಚಳವಳಿ ನಡೆದಿತ್ತು. ಕುಲುಮೆಯ ಮುಂದೆ ಪೊಲೀಸ್ ಫೌಜದಾರ ನಿಂತಿದ್ದ. ಅವನ ಕೈಯಲ್ಲಿ ಮೊಳಕ್ಕಿಂತ ತುಸು ಉದ್ದದ, ಎರಡಲಗಿನ ಗಿಡ್ಡ ಕತ್ತಿ ಇತ್ತು.

“ನಾಟಕದ್ದರಿ ಸಾಹೇಬ್ರ,” ಎಂದ ಕಾಳಪ್ಪ. “ಧಾರವಾಡದ ಕಾಲೇಜ್ ಹುಡುಗರು ರೋಮ್ ದೇಶದ ಸಿಪಾಯಿ ವೇಷ ಹಾಕ್ತಾರಂತ. ಚಿತ್ರಾ ತೋರಿಸಿ ಮಾಡಿಸ್ಯಾರ. ಪೂರಾ ಮೊಂಡ ಐತ್ರಿ.”

“ಮೊಂಡ ಐತೇನು? ಹಂಗಾರ ಅಲಗು ಮುಷ್ಟ್ಯಾಗ ಹಿಡಿ, ನೋಡೂಣು. ರಕ್ತ ಬಂತಂದ್ರ ಸೀದಾ ಜೇಲಿಗೆ.”

ಕತ್ತಿ ಮೊಂಡಾಗಿಯೇ ಇರಲೆಂದು ಹುಡುಗರು ಹತ್ತು ಸಲ ಹೇಳಿದ್ದರು. ಆದರೆ ಹರಿತವಿಲ್ಲದ ಕಬ್ಬಿಣ ಹೊರಗೆ ಹೋದರೆ ಕುಲುಮೆಗೆ ಅಪಮಾನ ಎಂದು ಅಪ್ಪ ಕಲಿಸಿದ್ದ. ಕಾಳಪ್ಪ ಬೆಳಿಗ್ಗೆಯೇ ಎರಡೂ ಅಲಗುಗಳನ್ನು ಸಾಣೆ ಹಿಡಿದು ಇಟ್ಟಿದ್ದ. ಆದರೆ ಕಸುಬಿನ ಒಂದು ಮಾತು ಅವನಿಗೆ ಗೊತ್ತಿತ್ತು: ಕತ್ತಿ ಹಿಡಿದರೆ ಕೊಯ್ಯುವುದಿಲ್ಲ, ಎಳೆದರೆ ಕೊಯ್ಯುತ್ತದೆ. ಬಲಗೈ ಚಾಚಿ, ಅಲಗು ಕೂದಲೆಳೆಯಷ್ಟೂ ಅಲುಗದಂತೆ ಬಿಗಿಯಾಗಿ ಹಿಡಿದ. ಹಿಡಿಕೆ ಫೌಜದಾರನ ಕೈಯಲ್ಲೇ ಇತ್ತು. ಇಬ್ಬರೂ ಮುಷ್ಟಿಯನ್ನೇ ನೋಡಿದರು. ರಕ್ತ ಬರಲಿಲ್ಲ.

ಫೌಜದಾರ ನಕ್ಕ. “ಖರೇ ಐತಿ ಬಿಡು. ನಾಟಕ ಛಲೋ ಆಗ್ಲಿ.”

ಕೈ ಬಿಡಬೇಕೆಂದು ಕಾಳಪ್ಪನಿಗೆ ಗೊತ್ತಿತ್ತು. ಹೆದರಿಕೆಗೆ ಮುಷ್ಟಿ ಬಿಚ್ಚಲಿಲ್ಲ. ಕತ್ತಿಯನ್ನು ಗೋಡೆಗೆ ಒರಗಿಸಲೆಂದು ಫೌಜದಾರ ಹಿಡಿಕೆಯನ್ನು ತನ್ನ ಕಡೆಗೆ ಎಳೆದುಕೊಂಡ.

ಬಲಗೈಯ ಮೂರು ಬೆರಳು ಹೋದವು.